ಮೈ ಬೆಚ್ಚಗಿರುವಾಗ ಸತ್ತ ಅನ್ನುವುದು ಹೇಗೆ?

ಪ್ರಶ್ನೆ: ಮಗಳಿಗೆ ಪಿಯುಸಿಯಲ್ಲಿ ಒಳ್ಳೇ ಅಂಕ ಬಂದಿದೆ. ಈಗ ಬಿಎ ಸೇರಿ ಫಿಲಾಸಫಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಎಲ್ಲದಕ್ಕೂ ವಿಜ್ಞಾನ ಉತ್ತರ ಕೊಡುತ್ತಿದೆ, ಮಿಕ್ಕಿದ್ದಕ್ಕೆ ಎಐ ಬಂದಿದೆ. ಇನ್ನು ತತ್ವಶಾಸ್ತ್ರ ಯಾಕೆ ಬೇಕು ಸಾರ್?
– ಒಬ್ಬ ತಂದೆ, ಹಾಸನ

ಉತ್ತರ: ನಿಮ್ಮ ಮಾತು ಅರ್ಧ ನಿಜ. ಉತ್ತರ ಸಿಕ್ಕ ಪ್ರಶ್ನೆಗಳೆಲ್ಲ ತತ್ವಶಾಸ್ತ್ರದ ಮನೆ ಬಿಟ್ಟು ಬೇರೆ ಸಂಸಾರ ಹೂಡಿವೆ. ನ್ಯೂಟನ್ 1687ರಲ್ಲಿ ತಂದ ಪುಸ್ತಕದ ಹೆಸರಿನಲ್ಲಿ ಇದ್ದದ್ದು ಫಿಲಾಸಫಿ, ಫಿಸಿಕ್ಸ್ ಅಲ್ಲ. ಈಗ ಮನೆಯಲ್ಲಿ ಉಳಿದಿರುವುದು ಬರೀ ಮೊಂಡು ಪ್ರಶ್ನೆಗಳು. ಅಂಥದ್ದೊಂದನ್ನು ನೋಡಬೇಕು ಅಂದರೆ ಐಸಿಯುಗೆ ಬನ್ನಿ.

ಅಪಘಾತವಾದ ಹುಡುಗ ಮಲಗಿದ್ದಾನೆ ಅಂದುಕೊಳ್ಳಿ. ವೆಂಟಿಲೇಟರ್ ಉಸಿರು ತುಂಬುತ್ತಿದೆ, ಎದೆ ಏರಿ ಇಳಿಯುತ್ತಿದೆ, ಮಾನಿಟರಿನಲ್ಲಿ ಗೆರೆ ಓಡುತ್ತಾ ಇದೆ, ಅಮ್ಮ ಕೈ ಹಿಡಿದು ನೋಡಿದರೆ ಬೆಚ್ಚಗೇ ಇದೆ. ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತಾರೆ, ಕನಿಷ್ಠ 6 ಗಂಟೆ ಬಿಟ್ಟು ಎಲ್ಲ ಪರೀಕ್ಷೆಯನ್ನೂ ಮತ್ತೊಂದು ಸಲ ಮಾಡುತ್ತಾರೆ, ಆಮೇಲೆ 'ಹುಡುಗ ಇಲ್ಲಮ್ಮಾ' ಅನ್ನುತ್ತಾರೆ. ಮೆದುಳಿನ ಕಾಂಡ, ಅಂದರೆ ಉಸಿರಾಟ ನಡೆಸುವ ಬುಡದ ಭಾಗ, ನಿಷ್ಕ್ರಿಯವಾಗಿದೆ ಅಂತ ಪರೀಕ್ಷೆ ಹೇಳುತ್ತದೆ, ಸರಿ. ಅದನ್ನೇ ಸಾವು ಅನ್ನಬೇಕು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಅದು ಜನ ಕೂತು ವಾದ ಮಾಡಿ ತೀರ್ಮಾನಿಸಿದ್ದು. 1968ರಲ್ಲಿ ಅಮೆರಿಕದ ಹಾರ್ವರ್ಡ್ ಸಮಿತಿ, ಮೆದುಳು ನಿಂತರೆ ಸಾವು ಅಂತ ಒಪ್ಪೋಣ ಎಂದಿತು. ಆ ಸಮಿತಿಯಲ್ಲಿ ವೈದ್ಯರಷ್ಟೇ ಅಲ್ಲ, ವಕೀಲರೂ ಧರ್ಮಶಾಸ್ತ್ರದ ಮೇಷ್ಟ್ರೂ ಇದ್ದರು. ಅದೇ ವರ್ಷ ಹಾನ್ಸ್ ಯೋನಾಸ್ ಎಂಬ ತತ್ವಜ್ಞಾನಿ ತಕರಾರು ತೆಗೆದರು. ಬೇರೆಯವರಿಗೆ ಕಸಿ ಮಾಡಲು ಅಂಗಾಂಗ ಬೇಕಾಗಿದೆ ಅಂತ ಸಾವಿನ ಅರ್ಥವನ್ನೇ ತಿದ್ದಬಹುದಾ? ನಮ್ಮಲ್ಲಿ 1994ರ ಅಂಗಾಂಗ ಕಸಿ ಕಾಯ್ದೆ ಮೆದುಳಿನ ಕಾಂಡದ ಸಾವನ್ನು ಒಪ್ಪಿತು, ಅದರಿಂದ ಎಷ್ಟೋ ಜೀವ ಉಳಿದಿವೆ, ನಾನೂ ಕಾಯ್ದೆಯ ಪರವೇ. ಆದರೆ ಯೋನಾಸ್ ತಕರಾರಿಗೆ ಸುಲಭದ ಉತ್ತರ ನನಗಿನ್ನೂ ಸಿಕ್ಕಿಲ್ಲ.

ಎಐ ಎರಡೂ ಕಡೆಯ ವಾದವನ್ನು ಚೆನ್ನಾಗೇ ಬರೆದುಕೊಡುತ್ತದೆ, ಅನುಮಾನ ಬೇಡ. ಆದರೆ ಅಂಗದಾನದ ಕಾಗದಕ್ಕೆ ಸಹಿ ಹಾಕಬೇಕಾದವಳು ಆ ಅಮ್ಮ ಅಲ್ವಾ? ಜೊತೆಗೆ, ಯಂತ್ರಕ್ಕೂ ನೋವು ಗೊತ್ತಾಗುತ್ತದಾ ಅನ್ನುವ ಹೊಸ ತಲೆನೋವನ್ನು ಎಐ ತಾನೇ ತಂದಿಟ್ಟಿದೆ. ಕೆಲಸ ಜಾಸ್ತಿಯೇ ಆಯಿತು.

ಸಂಬಳದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಪಾಠ ಹೇಳುವುದು ಬಿಟ್ಟರೆ ನೇರ ಕೆಲಸ ಕಡಿಮೆ. ಬಿಎ ಆದಮೇಲೆ ಲಾ ಓದಬಹುದು, ವಾದ ಕಲಿತಿದ್ದು ಅಲ್ಲಿ ದಂಡವಾಗುವುದಿಲ್ಲ. ಅಂದಹಾಗೆ, ಇದೇ ಯಾಕೆ ಬೇಕು ಅಂತ ಅವಳನ್ನು ಕೇಳಿದ್ರಾ? ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ.