ಶಾಲೆಯ ಬಾಗಿಲಲ್ಲಿ ಪಿಸ್ತೂಲ್

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ಮಗಳು ಆರನೇ ಕ್ಲಾಸು. ಅವಳ ಸ್ಕೂಲ್ ಬಾಗಿಲಲ್ಲಿ ಸೊಂಟಕ್ಕೆ ಪಿಸ್ತೂಲ್ ಸಿಕ್ಕಿಸಿಕೊಂಡ ಪೊಲೀಸ್ ಒಬ್ಬರು ದಿನಾ ನಿಂತಿರುತ್ತಾರೆ. ಊರಿಂದ ಬಂದ ನಮ್ಮತ್ತೆ ನೋಡಿ, "ಇದೇನು ಸ್ಕೂಲೋ, ಜೈಲೋ?" ಅಂದರು. ಪೊಲೀಸ್ ಇದ್ದರೆ ಮಕ್ಕಳು ನಿಜಕ್ಕೂ ಸೇಫಾ?
– ಓದುಗರೊಬ್ಬರು, ಡಲ್ಲಾಸ್

ಉತ್ತರ: ಅತ್ತೆ ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ. ಆದರೆ ಆ ಪೊಲೀಸ್ ಸುಮ್ನೆ ಬಂದು ನಿಂತವರಲ್ಲ. ಪ್ರತಿ ಸರ್ಕಾರಿ ಶಾಲೆಯಲ್ಲೂ ಶಸ್ತ್ರ ಹಿಡಿದ ಒಬ್ಬರು ಇರಬೇಕು ಅಂತ ನಿಮ್ಮ ರಾಜ್ಯದಲ್ಲಿ 2023ರಲ್ಲಿ ಕಾನೂನೇ ಬಂತು. ಅದಕ್ಕೆ ಕಾರಣ ಹಿಂದಿನ ವರ್ಷ ನಿಮ್ಮದೇ ರಾಜ್ಯದ ಯುವಾಲ್ಡೆ ಅನ್ನೋ ಊರಿನ ಶಾಲೆಗೆ ಒಬ್ಬ ನುಗ್ಗಿ ಗುಂಡು ಹಾರಿಸಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತಿದ್ದು.

ಆದರೆ ವಿಚಿತ್ರ ನೋಡಿ, ಯುವಾಲ್ಡೆಯಲ್ಲಿ ಕೊರತೆಯಾಗಿದ್ದು ಪೊಲೀಸರದ್ದಲ್ಲ. ಅಲ್ಲಿನ ಶಾಲೆಗಳಿಗೆ ತಮ್ಮದೇ ಪೊಲೀಸ್ ಪಡೆ ಇತ್ತು, ಅವತ್ತು ಬೇರೆ ಬೇರೆ ಇಲಾಖೆಯವರೂ ಸೇರಿ 376 ಜನ ಬಂದಿದ್ದರು, ಆದರೂ ಕೊಲೆಗಾರನಿದ್ದ ಕ್ಲಾಸ್‌ರೂಮಿಗೆ ನುಗ್ಗಿ ಅವನನ್ನು ಮುಗಿಸೋಕೆ 77 ನಿಮಿಷ ಬೇಕಾಯಿತು. ಒಳಗಿದ್ದ ಮಕ್ಕಳು ಫೋನ್ ಮಾಡಿ ಸಹಾಯ ಕೇಳುತ್ತಿದ್ದರು.

ಇನ್ನೊಂದು ಮುಖವೂ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಅಪಲಾಚಿ ಹೈಸ್ಕೂಲಿನಲ್ಲಿ 14 ವರ್ಷದ ಹುಡುಗ ಗುಂಡು ಹಾರಿಸಿದಾಗ ಶಾಲೆಯ ಪೊಲೀಸರು ಬೇಗ ಎದುರಿಗೆ ಹೋದರು, ಅವನು ಶರಣಾದ. ಅಷ್ಟರಲ್ಲಿ ನಾಲ್ವರು ಗುಂಡಿಗೆ ಬಲಿಯಾಗಿದ್ದರು. ಅಲ್ಲಿ ಟೀಚರ್‌ಗಳ ಐಡಿ ಕಾರ್ಡಿನಲ್ಲೇ ಅಪಾಯದ ಸುದ್ದಿ ಮುಟ್ಟಿಸೋ ಬಟನ್ ಇತ್ತು, ಅದನ್ನು ಒತ್ತಿದ್ದೂ ಕೆಲಸಕ್ಕೆ ಬಂತು.

ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿಯೂ ನೋಡಿದ್ದಾರೆ. ಪೊಲೀಸ್ ಇದ್ದರೆ ಹೊಡೆದಾಟ ಕಮ್ಮಿಯಾಗುತ್ತೆ, ಗುಂಡಿನ ದಾಳಿ ಮಾತ್ರ ತಪ್ಪೋದಿಲ್ಲ. ಸಾಯೋಕೆ ಸಿದ್ಧನಾಗಿಯೇ ಬರೋ ಹುಡುಗ ಪೊಲೀಸರಿಗೆ ಹೆದರುತ್ತಾನಾ? ಜೊತೆಗೆ ಸಸ್ಪೆನ್ಷನ್, ಅರೆಸ್ಟ್ ಜಾಸ್ತಿಯಾಗುತ್ತೆ, ಅದರಲ್ಲೂ ಕಪ್ಪು ಮಕ್ಕಳಿಗೆ.

ನನಗೆ ಭಯ ಇರೋದು ಇಲ್ಲೇ. ಗುಂಡಿನ ದಾಳಿ ಬಹುತೇಕ ಶಾಲೆಗಳಲ್ಲಿ ಯಾವತ್ತೂ ಆಗೋದಿಲ್ಲ, ಪೊಲೀಸ್ ಮಾತ್ರ ದಿನಾ ಇರುತ್ತಾರಲ್ವಾ, ಆಗೇನು ಮಾಡ್ತಾರೆ? 2015ರಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಪ್ರಿಂಗ್ ವ್ಯಾಲಿ ಹೈಸ್ಕೂಲಿನ ಗಣಿತದ ಕ್ಲಾಸಿನಲ್ಲಿ ಒಬ್ಬ ಹುಡುಗಿ ಫೋನ್ ವಿಚಾರಕ್ಕೆ ಟೀಚರ್ ಹೇಳಿದರೂ ಜಾಗ ಬಿಟ್ಟು ಏಳಲಿಲ್ಲ. ಶಾಲೆಯ ಪೊಲೀಸ್ ಬಂದು ಅವಳನ್ನು ಡೆಸ್ಕ್ ಸಮೇತ ಹಿಂದಕ್ಕೆ ಉರುಳಿಸಿ, ನೆಲದ ಮೇಲೆ ಎಳೆದು ಎಸೆದ. ಅದು ತಪ್ಪು ಅಂತ ಕೂಗಿದ ಇನ್ನೊಬ್ಬ ಹುಡುಗಿಯನ್ನೂ ಅರೆಸ್ಟ್ ಮಾಡಿದರು. ಆಮೇಲೆ ಆ ಪೊಲೀಸಿನ ಕೆಲಸ ಹೋಯಿತು ಅನ್ನಿ. ನಮ್ಮ ಕಾಲದಲ್ಲಿ ಮಾತು ಕೇಳದಿದ್ದರೆ ಹೆಡ್‌ಮಾಸ್ಟರ್ ರೂಮಿಗೆ ಕಳಿಸ್ತಿದ್ದರು, ಹೆಚ್ಚೆಂದರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದರು.

ಹಾಗಾಗಿ ಬಾಗಿಲಲ್ಲಿ ಪೊಲೀಸ್ ಇದ್ದಾರೋ ಇಲ್ಲವೋ ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಪ್ರಿನ್ಸಿಪಾಲರನ್ನೇ ಕೇಳಿ: ಮಕ್ಕಳ ಶಿಸ್ತಿನ ವಿಷಯಕ್ಕೂ ಇವರನ್ನು ಕರೀತೀರಾ? ಮಗುವನ್ನು ವಿಚಾರಿಸೋ ಮೊದಲು ನಮಗೆ ಫೋನ್ ಮಾಡ್ತೀರಾ? ಒಬ್ಬ ಕೌನ್ಸೆಲರ್‌ಗೆ ಎಷ್ಟು ಮಕ್ಕಳು? ಅಲ್ಲಿನ ಕೌನ್ಸೆಲರ್‌ಗಳ ಸಂಘ ಹೇಳೋದು 250. ಕ್ಲಾಸ್‌ರೂಮಿನ, ಹೊರಬಾಗಿಲಿನ ಚಿಲಕ ಸರಿಯಾಗಿ ಬೀಳುತ್ತಾ ಅಂತಲೂ ಕೇಳಿ. ಯುವಾಲ್ಡೆಯಲ್ಲಿ ಕೊಲೆಗಾರ ಶಾಲೆಯೊಳಗೆ ಬಂದ ಬಾಗಿಲು ಮುಚ್ಚಿತ್ತು, ಲಾಕ್ ಆಗಿರಲಿಲ್ಲ.