ಎರೆ ಮಣ್ಣಿನ ಮೇಲೊಂದು ಹಾದಿ

ಬೆಳೆಯುತ್ತಿರುವ ಊರುಗಳಲ್ಲಿ ಅಡ್ಡಾಡಲು, ಸೈಕಲ್ ತುಳಿಯಲು ಹಾದಿ ಮಾಡಿಕೊಳ್ಳುವ ಬಗ್ಗೆ ಬಂದ ಪ್ರಶ್ನೆಗಳಿವು. ಉತ್ತರಿಸಿದವರು ರಸ್ತೆ, ಮಣ್ಣು, ಗಿಡಮರಗಳ ಕೆಲಸ ಬಲ್ಲವರು.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನ ಸುತ್ತ ಮೂರು ವರ್ಷದ ಹಿಂದೆ ಶಹಾಬಾದ್ ಫರಸಿ ಹಾಸಿದ್ದರು. ಈಗ ಒಂದು ಕಲ್ಲು ಮೇಲೆ, ಒಂದು ಕೆಳಗೆ. ವಯಸ್ಸಾದವರು ಎಡವುತ್ತಿದ್ದಾರೆ. ಇದನ್ನು ಕಿತ್ತು ಸಿಮೆಂಟ್ ಬ್ಲಾಕ್ ಹಾಕಿಸಿದರೆ ಸರಿಹೋಗುತ್ತದೆಯೇ? (ಕಲಬುರಗಿ)

ಉತ್ತರ: ಹೋಗುವುದಿಲ್ಲ. ತಪ್ಪು ಫರಸಿಯದಲ್ಲ, ಅದರ ಕೆಳಗಿನ ಎರೆ ಮಣ್ಣಿನದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲೆ ಏನೇ ಹಾಸಿದರೂ ಅದರ ಜೊತೆ ಏರಿ ಇಳಿಯಲೇಬೇಕು. ಬ್ಲಾಕ್ ಹಾಕಿಸಿದರೆ ದುಡ್ಡು ಎರಡು ಸಲ ಹೋಗುತ್ತದೆ, ಅಷ್ಟೇ.

ಇರುವ ಫರಸಿಯನ್ನೇ ಜೋಪಾನವಾಗಿ ಎತ್ತಿಡಿ. ಹಾದಿ 2 ಮೀಟರ್ ಅಗಲವಿದ್ದರೆ ಎರಡೂ ಬದಿ 30 ಸೆಂ.ಮೀ. ಹೆಚ್ಚು ಸೇರಿಸಿ 2.6 ಮೀಟರ್ ಅಗಲಕ್ಕೆ, 20 ಸೆಂ.ಮೀ. ಆಳಕ್ಕೆ ಎರೆ ಮಣ್ಣು ತೆಗೆಯಿಸಿ. ಅದರಲ್ಲಿ ಉರುಳಿಸಿದ ಮೇಲೆ 10 ಸೆಂ.ಮೀ. ಉಳಿಯುವಂಥ ಮೂರು ಪದರವಾಗಿ ಮುರುಮು (ಗರಸು ಮಣ್ಣು) ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ರೋಲರ್ ಹೊಡೆಸಿ. ಮೂರನ್ನೂ ಒಟ್ಟಿಗೆ ಸುರಿದು ಒಂದೇ ಸಲ ಉರುಳಿಸಿದರೆ ಮೇಲಿನದು ಮಾತ್ರ ಗಟ್ಟಿಯಾಗಿ, ಒಳಗೆ ಪೊಳ್ಳು ಉಳಿಯುತ್ತದೆ. ಬೂಟಿನ ಹಿಮ್ಮಡಿ ಒತ್ತಿದರೆ ಗುರುತು ಮೂಡಬಾರದು. 100 ಮೀಟರ್ ಉದ್ದಕ್ಕೆ ಸುಮಾರು 36 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಸಡಿಲ ಮುರುಮು ಬೇಕಾಗುತ್ತದೆ. ಟ್ರಾಲಿ ಲೆಕ್ಕದಲ್ಲಿ ಕೊಳ್ಳಬೇಡಿ, ಅಳೆದು ಕೊಳ್ಳಿ.

ಮುರುಮು ಇಳಿಸುವ ಮೊದಲು ಒಂದು ಹಿಡಿ ತೆಗೆದುಕೊಂಡು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆ ನಿಲ್ಲಬೇಕು, ಅಂಗೈಗೆ ಮೆತ್ತಬಾರದು. ಮೆತ್ತಿದರೆ ಜಿಗುಟು ಮಣ್ಣು ಹೆಚ್ಚಿದೆ, ಮಳೆಗೆ ರಾಡಿಯಾಗುತ್ತದೆ. ಉಂಡೆಯೇ ಕಟ್ಟದಿದ್ದರೆ ಬರೀ ಹರಳು, ಎಷ್ಟು ಉರುಳಿಸಿದರೂ ಕೂಡುವುದಿಲ್ಲ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಎರೆ ಮಣ್ಣಿನಲ್ಲಿ ತೋಡಿ ಮುರುಮು ತುಂಬಿದರೆ ಅದು ಉದ್ದನೆಯ ಬಾನಿ ಇದ್ದಂತೆ: ಮಳೆನೀರು ಮುರುಮಿನೊಳಗೆ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ, ತಳದ ಮಣ್ಣು ಮತ್ತೆ ಉಬ್ಬುತ್ತದೆ. ಆದ್ದರಿಂದ ತೋಡಿದ ತಳಕ್ಕಿಂತ 10 ಸೆಂ.ಮೀ. ಕೆಳಗೆ ಪಕ್ಕದಲ್ಲೊಂದು ಕಾಲುವೆ ತೆಗೆದು ತಗ್ಗಿನ ಕಡೆಗೆ ಹರಿಯಬಿಡಿ. ಇದನ್ನು ಬಿಟ್ಟರೆ ಮೇಲಿನದೆಲ್ಲ ವ್ಯರ್ಥ.

ಮುರುಮಿನ ಮೇಲೆ 3 ಸೆಂ.ಮೀ. ಕಲ್ಲುಪುಡಿ, ಅದರ ಮೇಲೆ 4 ಸೆಂ.ಮೀ. ದಪ್ಪದ ಫರಸಿ. ಒರಟು ಮುಖ ಮೇಲಿರಲಿ. ಪಾಲಿಶ್ ಮುಖ ಮಳೆಯಲ್ಲಿ ಜಾರುತ್ತದೆ. ಸಂದಿಗೆ ಸಿಮೆಂಟ್ ಬೇಡ, ಕಲ್ಲುಪುಡಿಯನ್ನೇ ಕಸಬರಿಗೆಯಿಂದ ತುಂಬಿ. ಮುಂದೆ ಒಂದು ಕಲ್ಲು ಕುಸಿದರೂ ಎತ್ತಿ ಸರಿಮಾಡಬಹುದು. ಅಂಚುಕಲ್ಲು ಹಾದಿಯ ಮಟ್ಟಕ್ಕೇ ಇರಲಿ, ಎತ್ತರಿಸಿದರೆ ನೀರು ಒಳಗೇ ನಿಲ್ಲುತ್ತದೆ. ಒಂದು ಅಂಚು ಇನ್ನೊಂದಕ್ಕಿಂತ 5 ಸೆಂ.ಮೀ. ತಗ್ಗಿರಬೇಕು. ಇಷ್ಟಾದ ಮೇಲೆ ಹಾದಿ ನೆಲದಿಂದ 17 ಸೆಂ.ಮೀ. ಎತ್ತರದಲ್ಲಿರುತ್ತದೆ. ಗೇಟಿನ ಹತ್ತಿರ ಮೆಟ್ಟಿಲು ಕಟ್ಟಬೇಡಿ, 2 ಮೀಟರ್ ಉದ್ದದ ಇಳಿಜಾರು ಕೊಡಿ, ಗಾಲಿಕುರ್ಚಿಯೂ ಏರುತ್ತದೆ.

ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ಎರಡು ತಿಂಗಳು ಒಳ್ಳೆಯದು, ಮಣ್ಣು ಹದವಾಗಿರುತ್ತದೆ. ಏಪ್ರಿಲ್‌ನಲ್ಲಿ ಬಿರುಕುಬಿಟ್ಟ ನೆಲದ ಮೇಲೆ ಹಾಸಿದರೆ ಮೊದಲ ಮಳೆಗೇ ಎತ್ತಿಹಾಕುತ್ತದೆ. ಮಾರ್ಚ್ ಕೊನೆಗೆ ಅನುದಾನ ಮುಗಿಸುವ ಗಡಿಬಿಡಿಯಲ್ಲಿ ಮಾಡಿದ ಹಾದಿಗಳು ಬೇಗ ಕೆಡುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಊರು ಬೆಳೆದು ಹೊಲಗಳೆಲ್ಲ ಲೇಔಟ್ ಆಗಿವೆ. ಮಕ್ಕಳು ಹೈಸ್ಕೂಲಿಗೆ ಲಾರಿಗಳ ನಡುವೆ ಸೈಕಲ್ ತುಳಿಯುತ್ತಾರೆ. ಬೇರೆ ಹಾದಿಗೆ ಜಾಗ ಎಲ್ಲಿಂದ ತರುವುದು? (ಸೇಡಂ)

ಉತ್ತರ: ಜಾಗ ಬಹುಶಃ ಇದೆ, ಮರೆತುಹೋಗಿದೆ. ಭೂಮಾಪನ ಇಲಾಖೆಯಿಂದ ನಿಮ್ಮ ಹಳೆಯ ಗ್ರಾಮ ನಕಾಶೆ ತೆಗೆಸಿ. ಜೋಡಿ ಚುಕ್ಕೆಗೆರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಕಾಲುದಾರಿ. ಹೊಲ ಲೇಔಟ್ ಆದ ಮಾತ್ರಕ್ಕೆ ಬಂಡಿದಾರಿಯ ಹಕ್ಕು ಹೋಗುವುದಿಲ್ಲ. ಪಹಣಿಯಲ್ಲಿ ‘ಬ’ ಖರಾಬು ಎಂದಿರುವುದು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ನೆಲ. ಫೋನಿನಲ್ಲಿ ಸರ್ವೆ ನಕಾಶೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಆ ಗೆರೆಗಳ ಮೇಲೆ ಒಮ್ಮೆ ನಡೆದು ನೋಡಿ. ಎಲ್ಲಿ ಬೇಲಿ ಬಂದಿದೆ, ಎಲ್ಲಿ ಗೋಡೆ ಎದ್ದಿದೆ ಎಂದು ಬರೆದಿಡಿ. ಆದರೆ ಆ್ಯಪಿನ ಗೆರೆ ಹಿಡಿದು ನೆರೆಯವರೊಂದಿಗೆ ಜಗಳಕ್ಕೆ ನಿಲ್ಲಬೇಡಿ, ಕೆಲವು ಮೀಟರ್ ಆಚೀಚೆ ಇರುತ್ತದೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಭೂಮಾಪಕರಿಂದ ಅಳತೆ ಮಾಡಿಸಿ, ಗಡಿಕಲ್ಲು ನೆಟ್ಟ ಮೇಲೆಯೇ ಮುಂದಿನ ಮಾತು.

ಇನ್ನೊಂದು ಅಗ್ಗದ ಉಪಾಯ: ಎರಡು ಲೇಔಟುಗಳ ರಸ್ತೆಗಳು ಬೆನ್ನಿಗೆ ಬೆನ್ನು ಹಚ್ಚಿ ಗೋಡೆಗೆ ಬಂದು ನಿಂತಿರುತ್ತವೆ. ಇಬ್ಬರೂ ಒಪ್ಪಿದರೆ ಆ ಗೋಡೆಯಲ್ಲಿ 2 ಮೀಟರ್ ಬಾಗಿಲು ಬಿಡಿಸಿ ನೋಡಿ, ಎಷ್ಟೋ ಕಡೆ ಸುತ್ತು ಅರ್ಧ ಕಡಿಮೆಯಾಗುತ್ತದೆ.

ಹಳ್ಳದ ದಂಡೆಯಲ್ಲಿ ಹೋಗುವುದಾದರೆ ಬಳ್ಳಾರಿ ಜಾಲಿ ಇದ್ದೇ ಇರುತ್ತದೆ. ಮೇಲೆ ಕಡಿದರೆ ಒಂದರ ಜಾಗದಲ್ಲಿ ಹತ್ತು ಚಿಗುರುತ್ತವೆ. ಬುಡವನ್ನು ನೆಲದಿಂದ 30 ಸೆಂ.ಮೀ. ಕೆಳಗೆ ಅಗೆದು ತೆಗೆಯಬೇಕು. ಕಡಿದ ಟೊಂಗೆ ಆ ದಿನವೇ ಸಾಗಿಸಿ. ಮುಳ್ಳು ಉಳಿದರೆ ಸೈಕಲ್‌ಗಳೆಲ್ಲ ಪಂಕ್ಚರ್. ಸಣ್ಣ ಕೊರಕಲು ದಾಟಲು 300 ಮಿ.ಮೀ. ಪೈಪ್ ಹಾಕಿದರೆ ಕಸಕಡ್ಡಿ ಸಿಕ್ಕಿ ಮುಚ್ಚಿಹೋಗುತ್ತದೆ, 600 ಮಿ.ಮೀ. ಹಾಕಿಸಿ.

ಪ್ರಶ್ನೆ: ಕೆನಾಲ್ ದಂಡೆಯ ಮೇಲೆ ವಾಕಿಂಗ್ ಹಾದಿ ಮಾಡಿ ಎರಡೂ ಬದಿ ಗಿಡ ನೆಡಬಹುದೇ? (ಶಹಾಪುರ)

ಉತ್ತರ: ನಾರಾಯಣಪುರ ಎಡದಂಡೆಯ ಕಾಲುವೆಗಳು ಕೃಷ್ಣಾ ಭಾಗ್ಯ ಜಲ ನಿಗಮದ್ದು, ಲಿಖಿತ ಒಪ್ಪಿಗೆ ಇಲ್ಲದೆ ಒಂದು ಬುಟ್ಟಿ ಮುರುಮೂ ಹಾಕಬೇಡಿ. ಹೂಳೆತ್ತುವ ಯಂತ್ರ ಓಡಾಡುವಷ್ಟು ದಾರಿ ತೆರೆದಿರಬೇಕು. ಏರಿಯ ಮೇಲೆ ಮರ ಬೇಡವೇ ಬೇಡ. ಬೇರು ಸತ್ತು ಕೊಳೆತ ಜಾಗ ಟೊಳ್ಳಾಗಿ ನೀರು ಜಿನುಗುತ್ತದೆ, ಏರಿ ಒಡೆಯುವುದು ಹೀಗೆಯೇ. ಏರಿಯ ಬುಡದಿಂದ ದೂರ, ಹೊಲದ ಬದಿಗೆ ನೆಡಬಹುದು. ಕಾಂಕ್ರೀಟ್ ಹಾಸಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಬಿದ್ದವರು ಈಜು ಬಂದರೂ ಹತ್ತಿ ಬರುವುದು ಕಷ್ಟ. ಹಾದಿ ಕಾಲುವೆಯ ಅಂಚಿನಿಂದ ಕನಿಷ್ಠ 1.5 ಮೀಟರ್ ದೂರವಿರಲಿ. ನಮ್ಮನ್ನು ಕೇಳಿದರೆ, ಸಣ್ಣ ಮಕ್ಕಳು ಸೈಕಲ್ ಕಲಿಯುವ ಜಾಗ ಇದಲ್ಲ.

ಪ್ರಶ್ನೆ: ವಾಕಿಂಗ್ ಹಾದಿಯಲ್ಲಿ ಬೈಕ್‌ಗಳ ಕಾಟ. ಕಂಬ ನೆಟ್ಟರೂ ನುಗ್ಗುತ್ತಾರೆ. (ಯಾದಗಿರಿ)

ಉತ್ತರ: ಕಂಬದಿಂದ ಬೈಕ್ ನಿಲ್ಲುವುದಿಲ್ಲ. ಗಾಲಿಕುರ್ಚಿ ಹೋಗಲು 90 ಸೆಂ.ಮೀ. ಸಂದಿ ಬೇಕು, ಬೈಕಿನ ಹ್ಯಾಂಡಲ್ 70–80 ಸೆಂ.ಮೀ. ಬೈಕ್ ತಡೆಯುವ ಸಂದಿ ಗಾಲಿಕುರ್ಚಿಯನ್ನೂ ತಡೆಯುತ್ತದೆ. ಕಂಬ ಇರುವುದು ಕಾರು, ಟ್ರ್ಯಾಕ್ಟರ್, ಟಿಪ್ಪರಿಗೆ. 3 ಮೀಟರ್ ಹಾದಿಗೆ ನಡುವೆ ಒಂದೇ ಸಾಕು, ಬೀಗ ತೆಗೆದು ಎತ್ತುವಂಥದ್ದು, ಕತ್ತಲಲ್ಲಿ ಹೊಳೆಯುವ ಪಟ್ಟಿ ಅಂಟಿಸಿದ್ದು. ಬೈಕಿನವರು ಯಾಕೆ ಬರುತ್ತಾರೆ ಎಂದು ಒಂದು ಸಂಜೆ ನಿಂತು ನೋಡಿ. ಹೆಚ್ಚಾಗಿ ಡಿವೈಡರ್ ದಾಟಲು ದೂರ ಹೋಗಿ ತಿರುಗಿ ಬರಬೇಕಾದ ಕಡೆ ಈ ಕಾಟ. ಅಲ್ಲಿ ಹತ್ತಿರದಲ್ಲಿ ತಿರುವು ಕೊಡಿಸದೆ ಹಾದಿಗೆ ಏನು ಮಾಡಿದರೂ ಪ್ರಯೋಜನ ಕಡಿಮೆ.

ಪ್ರಶ್ನೆ: ನೆರಳಿಗೆ ಗಿಡ ಯಾವ ಬದಿಗೆ ನೆಡಬೇಕು? ದಕ್ಷಿಣಕ್ಕೆ ಎನ್ನುತ್ತಾರೆ. (ಬೀದರ್)

ಉತ್ತರ: ದಕ್ಷಿಣಕ್ಕೆ ಎನ್ನುವುದು ಇನ್ನೂ ಉತ್ತರದ ದೇಶಗಳಿಗೆ ಹೊಂದುವ ಮಾತು. ಬೀದರ್ ಸುಮಾರು 18 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ ಎರಡನೇ ವಾರದಿಂದ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ತುಸು ಉತ್ತರಕ್ಕೇ ಸರಿದಿರುತ್ತಾನೆ. ಉತ್ತರ–ದಕ್ಷಿಣವಾಗಿ ಹೋಗುವ ಹಾದಿಗೆ ಪಶ್ಚಿಮದ ಸಾಲು ಮೊದಲು ನೆಡಿ, ಸಂಜೆ ಐದಕ್ಕೆ ಬರುವವರಿಗೆ ನೆರಳು ಸಿಗುತ್ತದೆ. ಪೂರ್ವ–ಪಶ್ಚಿಮದ ಹಾದಿಗೆ ಎರಡೂ ಬದಿಯ ಟೊಂಗೆಗಳು ಮೇಲೆ ಕೂಡಬೇಕು. ಬೇವು, ಹೊಂಗೆ ಸಾಕು, 7–8 ಮೀಟರಿಗೆ ಒಂದು, ಅಂಚಿನಿಂದ 1.5 ಮೀಟರ್ ದೂರ. ನಿಮ್ಮ ಕೆಂಪು ಜಂಬಿಟ್ಟಿಗೆ ನೆಲ ಗಟ್ಟಿ, ನೀರೂ ಬೇಗ ಬಸಿದುಹೋಗುತ್ತದೆ. ಗುಂಡಿ 90 ಸೆಂ.ಮೀ. ಘನ ತೋಡಿ, ಕೆರೆಯ ಗೋಡು ಮತ್ತು ತಿಪ್ಪೆಗೊಬ್ಬರ ಬೆರೆಸಿ ತುಂಬಿ. ಜೂನ್–ಜುಲೈನಲ್ಲಿ ನೆಟ್ಟು ಎರಡು ಬೇಸಿಗೆ ನಾಲ್ಕು ದಿನಕ್ಕೊಮ್ಮೆ ಒಂದು ಕೊಡ ನೀರು. ಆಡು ಮೇಯದಂತೆ ಮುಳ್ಳಿನ ಬೇಲಿ ಎದೆಮಟ್ಟ ಇರಲಿ. ದೀಪದ ಕಂಬ 4 ಮೀಟರ್ ಸಾಕು. ಎತ್ತರದ ಕಂಬವಾದರೆ ಮರ ಬೆಳೆದ ಮೇಲೆ ಬೆಳಕೆಲ್ಲ ಎಲೆಗಳ ಮೇಲೆ ಬೀಳುತ್ತದೆ, ಕೆಳಗೆ ಕತ್ತಲೆ.

ಪ್ರಶ್ನೆ: ಗಟಾರಿನ ಕಬ್ಬಿಣದ ಜಾಳಿಗೆಯಲ್ಲಿ ಗಾಲಿ ಸಿಕ್ಕಿ ಮಕ್ಕಳು ಬೀಳುತ್ತಾರೆ. (ಭಾಲ್ಕಿ)

ಉತ್ತರ: ಸರಳುಗಳು ಹಾದಿಯ ಉದ್ದಕ್ಕೆ ಇವೆ, ಅಡ್ಡಕ್ಕಿರಬೇಕಿತ್ತು. ಉದ್ದನೆಯ ಜಾಳಿಗೆಗೆ 10 ಸೆಂ.ಮೀ.ಗೊಂದರಂತೆ ಅಡ್ಡಪಟ್ಟಿ ವೆಲ್ಡಿಂಗ್ ಮಾಡಿಸಿ. ಚೌಕವಾಗಿದ್ದರೆ ಅದೂ ಬೇಡ: ನಗರ ಸಂಸ್ಥೆಯವರಿಗೆ ಹೇಳಿ, ಇಬ್ಬರು ಎತ್ತಿ ಕಾಲು ಸುತ್ತು ತಿರುಗಿಸಿ ಇಟ್ಟರೆ ಆಯಿತು.