ಬ್ಯಾಗು ಆಗಸ್ಟ್‌ಗಾಯಿತು, ಅಕ್ಟೋಬರಿಗೆ ಏನು?

ನಿಮ್ಮ ಪತ್ರ ಓದಿದೆ. ಟೆಕ್ಸಾಸ್‌ಗೆ ಬಂದು ನಾಲ್ಕು ತಿಂಗಳಾಯಿತು, ಪಕ್ಕದ ಮನೆಗೆ ಕಳೆದ ವಾರ ಇಬ್ಬರು ಫಾಸ್ಟರ್ ಮಕ್ಕಳು ಬಂದಿದ್ದಾರೆ, ಇನ್ನು ಹತ್ತು ದಿನಕ್ಕೆ ಶಾಲೆ ಶುರು, ಆ ಮನೆಯಾಕೆ ಒಬ್ಬರೇ ಓಡಾಡುತ್ತಿದ್ದಾರೆ ಅಂದಿರಿ. ಏನು ಕೊಡಿಸಬಹುದು, ಮಕ್ಕಳನ್ನು ನೋಡಿಕೊಳ್ಳಬಹುದೇ, ಹಬ್ಬಕ್ಕೆ ಕರೆಯಬಹುದೇ ಎಂದು ಕೇಳಿದ್ದೀರಿ. ಜೊತೆಗೆ ಡ್ರೈವಿಂಗ್ ಲೈಸೆನ್ಸು, ಚಳಿಗಾಲದ ಬಟ್ಟೆ, ಕನ್ನಡ ಕೂಟ. ಈ ಮೂರಕ್ಕೆ ಉತ್ತರ ಚಿಕ್ಕದು: ಲೈಸೆನ್ಸಿಗೆ ಅಪಾಯಿಂಟ್‌ಮೆಂಟ್ ಇವತ್ತೇ ಹಿಡಿಯಿರಿ, ಬಟ್ಟೆಗೆ ಈಗಲೇ ದುಡ್ಡು ಸುರಿಯಬೇಡಿ, ಕೂಟಕ್ಕೆ ತಪ್ಪದೆ ಹೋಗಿ. ಅಕ್ಕಾ ಎಂದು ಕರೆದಿದ್ದೀರಿ, ಉಳಿದದ್ದನ್ನು ಆ ಸಲಿಗೆಯಲ್ಲೇ ಬರೆಯುತ್ತೇನೆ.

ನಾನು ಬಂದದ್ದೂ ಇಂಥದೇ ಒಂದು ಆಗಸ್ಟ್‌ನಲ್ಲಿ. ಫಾಸ್ಟರ್ ಅಂದರೆ ದತ್ತು ಅಂದುಕೊಂಡಿದ್ದೆ. ನೀವು ಆ ತಪ್ಪು ಮಾಡಬೇಡಿ. ಹೆತ್ತವರ ಮನೆಯಲ್ಲಿ ಸದ್ಯಕ್ಕೆ ಇರುವುದು ಸುರಕ್ಷಿತವಲ್ಲ ಎಂದು ಕೋರ್ಟು ತೀರ್ಮಾನಿಸಿದಾಗ ಮಗು ಡಿಎಫ್‌ಪಿಎಸ್ ಎಂಬ ರಾಜ್ಯದ ಇಲಾಖೆಯ ಸುಪರ್ದಿಗೆ ಬರುತ್ತದೆ. ನಿಮ್ಮ ಪಕ್ಕದ ಮನೆಯಾಕೆ ಆ ಮಗುವಿನ ದಿನದಿನದ ಊಟ, ನಿದ್ದೆ, ಶಾಲೆ ನೋಡಿಕೊಳ್ಳುವವರು. ಸಾಮಾನ್ಯವಾಗಿ ಮೊದಲ ಗುರಿ ಮಗು ತನ್ನ ಮನೆಗೇ ವಾಪಸಾಗುವುದು. ಆದ್ದರಿಂದ ಎಷ್ಟೋ ವಿಷಯಗಳಲ್ಲಿ ಕೊನೆಯ ಮಾತು ಆಕೆಯದ್ದಲ್ಲ. ನಿಮ್ಮ ಸಹಾಯವನ್ನು ಆಕೆ ಬೇಡ ಅಂದರೆ ಅದು ಬಿಗುಮಾನ ಅಂದುಕೊಳ್ಳಬೇಡಿ, ನಿಯಮ ಇರಬಹುದು.

ಈ ಹತ್ತು ದಿನ ಆಕೆಯ ತಲೆಯಲ್ಲಿ ಏನು ಓಡುತ್ತಿರುತ್ತದೆ ಅನ್ನುವುದು ಗೊತ್ತಿದ್ದರೆ ಎಲ್ಲಿ ಕೈಜೋಡಿಸಬೇಕು ಅನ್ನುವುದು ತಾನಾಗಿ ಕಾಣುತ್ತದೆ. ಮೊದಲನೆಯದು, ಹೊಸ ಶಾಲೆಗೆ ಸೇರಿಸಬೇಕಾಗಿ ಬಂದರೆ, ಅಲ್ಲಿನ ದಾಖಲಾತಿ. ಮಗುವನ್ನು ಆ ಮನೆಗೆ ಒಪ್ಪಿಸಿದ್ದಕ್ಕೆ 2085 ಎಂಬ ಫಾರ್ಮ್ ಇರುತ್ತದೆ, ಶಾಲೆಯ ವಿಷಯದಲ್ಲಿ ಯಾರು ತೀರ್ಮಾನ ತೆಗೆದುಕೊಳ್ಳಬೇಕು ಎಂದು ಹೇಳುವ 2085-ಇ ಎಂಬ ಇನ್ನೊಂದು ಫಾರ್ಮ್ ಇರುತ್ತದೆ. ಹಳೆಯ ಶಾಲೆಯ ಅಂಕಪಟ್ಟಿ, ಲಸಿಕೆಯ ಕಾಗದ, ಜನನ ಪ್ರಮಾಣಪತ್ರ ಹೆಚ್ಚಿನ ವೇಳೆ ಮಗುವಿನ ಜೊತೆ ಬಂದಿರುವುದಿಲ್ಲ. ಶಾಲೆಯ ಕೌಂಟರಿನಲ್ಲಿ ಹೊಸಬರು ಯಾರಾದರೂ ಇದ್ದರೆ ಅವೆಲ್ಲ ತನ್ನಿ ಎಂದು ವಾಪಸು ಕಳಿಸುವುದುಂಟು. ಹಾಗೆ ಕಳಿಸುವ ಹಾಗಿಲ್ಲ. 2015ರ ಫೆಡರಲ್ ಶಿಕ್ಷಣ ಕಾನೂನಿನ ಪ್ರಕಾರ ಫಾಸ್ಟರ್ ಮಗುವನ್ನು ದಾಖಲೆ ಇಲ್ಲದಿದ್ದರೂ ಕೂಡಲೇ ಸೇರಿಸಿಕೊಳ್ಳಬೇಕು, ಹಳೆಯ ಶಾಲೆಯಿಂದ ದಾಖಲೆ ತರಿಸಿಕೊಳ್ಳುವುದು ಹೊಸ ಶಾಲೆಯ ಕೆಲಸ. ಈ ನಿಯಮ 2016ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಟೆಕ್ಸಾಸ್‌ನಲ್ಲಿ ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್‌ಗೂ, ಅಂದರೆ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಕ್ಕೂ, ಫಾಸ್ಟರ್ ಮಕ್ಕಳ ವಿಷಯ ನೋಡಿಕೊಳ್ಳುವ ಒಬ್ಬ ಫಾಸ್ಟರ್ ಕೇರ್ ಲಿಯೇಜಾನ್ ಇರಲೇಬೇಕು. ಕೌಂಟರಿನಲ್ಲಿ ವಾದ ಮಾಡುವ ಬದಲು ಅವರಿಗೆ ಫೋನು ಮಾಡಿದರೆ ಕೆಲಸ ಬೇಗ ಆಗುತ್ತದೆ. ಆಕೆಗೆ ಇದು ಬಹುಶಃ ಗೊತ್ತೇ ಇರುತ್ತದೆ. ಮೊದಲ ಸಲ ಮಗು ಬಂದಿರುವ ಮನೆಯಾದರೆ ಮಾತ್ರ ಮೆಲ್ಲಗೆ ಹೇಳಿ.

ಶಾಲೆಯ ಊಟವೂ ಹಾಗೆಯೇ. ಫಾಸ್ಟರ್ ಮಕ್ಕಳಿಗೆ ಸಾಕುವವರ ಆದಾಯ ಎಷ್ಟೇ ಇದ್ದರೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ. ಗೊತ್ತಿಲ್ಲದವರು ತಮ್ಮ ಆದಾಯ ಬರೆದು ಅರ್ಜಿ ತುಂಬಿಬಿಡುತ್ತಾರೆ, ಅದು ತಿರಸ್ಕೃತವಾಗುತ್ತದೆ, ಮಗುವಿನ ಲೆಕ್ಕದಲ್ಲಿ ಊಟದ ಬಾಕಿ ಏರುತ್ತದೆ. ಮಗು ಫಾಸ್ಟರ್ ಕೇರ್‌ನಲ್ಲಿದೆ ಎನ್ನುವುದಕ್ಕೆ ಇರುವ ಕಾಗದ ತೋರಿಸಿದರೆ ಆಯಿತು.

ಇನ್ನು ಡಾಕ್ಟರು. ಹೊಸದಾಗಿ ಇಲಾಖೆಯ ಸುಪರ್ದಿಗೆ ಬಂದ ಮಗುವಿಗೆ ಮೊದಲ 3 ಕೆಲಸದ ದಿನದೊಳಗೆ ಒಂದು ವೈದ್ಯಕೀಯ ತಪಾಸಣೆ, 30 ದಿನದೊಳಗೆ ಪೂರ್ತಿ ಆರೋಗ್ಯ ತಪಾಸಣೆ, ಜೊತೆಗೆ ಮಗುವಿನ ಮನಸ್ಸು, ನಡವಳಿಕೆಯನ್ನು ಅಳೆಯುವ ಇನ್ನೊಂದು ಭೇಟಿ. ಮೂರನ್ನೂ ಸೇರಿಸಿ ಇಲ್ಲಿ ‘ತ್ರೀ ಇನ್ ಥರ್ಟಿ’ ಅನ್ನುತ್ತಾರೆ. ಖರ್ಚು ಸ್ಟಾರ್ ಹೆಲ್ತ್ ಎಂಬ ಸರ್ಕಾರಿ ಯೋಜನೆಯದು, ಓಡಾಟ ಆಕೆಯದು. ಇಬ್ಬರು ಮಕ್ಕಳೆಂದರೆ ಆರು ಭೇಟಿ. ಕಳೆದ ವಾರ ಬಂದವರೆಂದರೆ ಇವುಗಳಲ್ಲಿ ಕೆಲವು ಶಾಲೆಯ ಮೊದಲ ದಿನಗಳಿಗೇ ಬಂದು ಬೀಳುತ್ತವೆ. ಇದರ ಮೇಲೆ, ಮಕ್ಕಳ ಹಳೆಯ ಶಾಲೆ ಬೇರೆ ಊರಿನಲ್ಲಿದ್ದರೂ, ಅದನ್ನು ಬಿಡಿಸುವುದೇ ಮಗುವಿಗೆ ಒಳ್ಳೆಯದು ಎಂದು ನಿರ್ಧಾರವಾಗದ ಹೊರತು ಅಲ್ಲಿಯೇ ಮುಂದುವರಿಸಬೇಕು. ಬಸ್ಸಿನ ವ್ಯವಸ್ಥೆ ಡಿಸ್ಟ್ರಿಕ್ಟು ಮತ್ತು ಇಲಾಖೆ ಸೇರಿ ಮಾಡಬೇಕು, ಅದು ಕುದುರುವವರೆಗೆ ಎಷ್ಟೋ ಕಡೆ ಆಕೆಯೇ ಕಾರು ಓಡಿಸುತ್ತಿರುತ್ತಾರೆ. ‘ಇಲ್ಲೇ ಬೀದಿ ಕೊನೆಯಲ್ಲಿ ಶಾಲೆ ಇದೆಯಲ್ಲ, ಯಾಕೆ ಹಾಕಲಿಲ್ಲ’ ಎಂದು ಕೇಳಬೇಡಿ. ಆಕೆಗೆ ಸ್ವಂತ ಮಗು ಇದ್ದರೆ ಬೆಳಿಗ್ಗೆ ಬಸ್ ಬರುವ ತನಕ ಆ ಮಗುವಿನ ಜೊತೆ ನಿಂತುಕೊಳ್ಳುತ್ತೇನೆ ಅನ್ನಿ. ಯಾವ ಅನುಮತಿಯೂ ಬೇಡದ, ಆಕೆಗೆ ನಿಜಕ್ಕೂ ಹಗುರಾಗುವ ಕೆಲಸ ಅದು.

ಕೊಡಿಸುವ ಮಾತಿಗೆ ಬರೋಣ. ಟೆಕ್ಸಾಸ್‌ನಲ್ಲಿ ಆಗಸ್ಟ್‌ನ ಒಂದು ವಾರಾಂತ್ಯ ಸೇಲ್ಸ್ ಟ್ಯಾಕ್ಸ್ ಇರುವುದಿಲ್ಲ. ಬಟ್ಟೆ, ಚಪ್ಪಲಿ-ಬೂಟು, ಶಾಲೆಯ ಸಾಮಾನು, ಬ್ಯಾಗು, ಒಂದೊಂದೂ 100 ಡಾಲರಿಗಿಂತ ಕಡಿಮೆ ಬೆಲೆಯದಾಗಿದ್ದರೆ ತೆರಿಗೆ ಇಲ್ಲ. ಲ್ಯಾಪ್‌ಟಾಪಿಗೆ ಇದು ಅನ್ವಯಿಸದು. ಆದರೆ ಅಗ್ಗ ಸಿಕ್ಕಿತೆಂದು ಕೇಳದೆ ಕೊಳ್ಳಬೇಡಿ. ಪ್ರತಿ ಶಾಲೆ, ಪ್ರತಿ ತರಗತಿಗೆ ಬೇರೆಬೇರೆ ಸಾಮಾನಿನ ಪಟ್ಟಿ ಇರುತ್ತದೆ. ಒಂದು ಕಡೆ ಅಗಲ ಗೆರೆಯ ನೋಟ್‌ಬುಕ್ಕು, ಇನ್ನೊಂದು ಕಡೆ ಕಿರಿದು ಗೆರೆಯದು. ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ಒಳಗಿದ್ದದ್ದು ಕಾಣುವ ಪಾರದರ್ಶಕ ಬ್ಯಾಗೇ ಆಗಬೇಕು, ನೀವು ಪ್ರೀತಿಯಿಂದ ತಂದ ಚಂದದ ಬ್ಯಾಗು ಗೇಟಿನೊಳಗೆ ಹೋಗುವುದಿಲ್ಲ. ಆಕೆಯನ್ನು ಮೂರೇ ಪ್ರಶ್ನೆ ಕೇಳಿ: ಯಾವ ಶಾಲೆ, ಯಾವ ಗ್ರೇಡು, ಪಟ್ಟಿಯಲ್ಲಿ ಏನು ಬಾಕಿ ಇದೆ. ಎಷ್ಟೋ ವೇಳೆ ದಾನ ಕೊಡುವ ಸಂಸ್ಥೆಯವರು ಬ್ಯಾಗು, ಪೆನ್ಸಿಲ್ಲು ಆಗಲೇ ಕೊಟ್ಟಿರುತ್ತಾರೆ, ಬೇಕಾಗಿರುವುದು ಕಾಲಿಗೆ ಸರಿಹೊಂದುವ ಬೂಟು, ಹೊಸ ಒಳಉಡುಪು, ವಾರಕ್ಕಾಗುವ ಏಳೆಂಟು ಜೊತೆ ಸಾಕ್ಸು. ಬೂಟನ್ನು ಅಂದಾಜಿನಲ್ಲಿ ತರಬೇಡಿ. ಮಗು ಕಾಗದದ ಮೇಲೆ ನಿಂತಾಗ ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಆಕೆ ಕೊಟ್ಟರೆ ಅಂಗಡಿಯಲ್ಲಿ ಅಳತೆ ತಪ್ಪುವುದಿಲ್ಲ. ಬಣ್ಣ ಮಗುವೇ ಆರಿಸಲಿ. ಈ ಎರಡು ವಾರದಲ್ಲಿ ಅದು ತಾನೇ ಆರಿಸಿಕೊಂಡದ್ದು ಅಂತ ಬೇರೇನೂ ಇರುವುದಿಲ್ಲ.

ಸಾಮಾನಿನ ಮೇಲೆ ಹೆಸರು ಬರೆಯುವ ಮೊದಲೂ ಕೇಳಿ. ಶಾಲೆಯ ದಾಖಲೆಯಲ್ಲಿರುವ ಹೆಸರು ಒಂದು, ಮಗು ಕರೆಸಿಕೊಳ್ಳುವ ಹೆಸರು ಒಂದು ಇರಬಹುದು. ಸಾಕುವವರ ಮನೆತನದ ಹೆಸರನ್ನು ಮಗುವಿನ ಹೆಸರಿಗೆ ಅಂಟಿಸಿ ಬರೆಯಲೇಬಾರದು. ದಾನ ಕೊಟ್ಟ ಸಂಸ್ಥೆಯ ಮುದ್ರೆ ಇರುವ ಬ್ಯಾಗೂ ಬೇಡ, ತರಗತಿಯಲ್ಲಿ ಅದು ಮಗುವಿನ ಬೆನ್ನ ಮೇಲೆ ಬರೆದ ಹಣೆಪಟ್ಟಿ ಆಗುತ್ತದೆ. ಇನ್ನೊಂದು: ಒಂದು ಗಟ್ಟಿಯಾದ, ಜಿಪ್ ಇರುವ ಡಫಲ್ ಬ್ಯಾಗು ಕೊಡಿ. ಎಷ್ಟೋ ಮಕ್ಕಳು ಮನೆಯಿಂದ ಮನೆಗೆ ಹೋಗುವಾಗ ಬಟ್ಟೆಬರೆಯನ್ನು ಕಸದ ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ. ನೀವು ಕೊಟ್ಟದ್ದೆಲ್ಲ ಮಗುವಿನದು, ಮಗು ಹೋದಾಗ ಅದರ ಜೊತೆಗೇ ಹೋಗುತ್ತದೆ ಎಂದು ತಿಳಿದೇ ಕೊಡಿ.

ಮಕ್ಕಳನ್ನು ನೋಡಿಕೊಳ್ಳಬಹುದೇ ಎಂದಿರಿ. ಶಾಲೆಯ ಪ್ರವಾಸ, ಆಟ, ಗೆಳೆಯರ ಮನೆ, ಇಂಥ ಸಾಮಾನ್ಯ ವಿಷಯಗಳಲ್ಲಿ ವಿವೇಕದಿಂದ ತೀರ್ಮಾನಿಸುವ ಅಧಿಕಾರವನ್ನು 2014ರ ಫೆಡರಲ್ ಕಾನೂನು ಸಾಕುವವರಿಗೆ ಕೊಟ್ಟಿದೆ. ಆದರೂ ಪದೇ ಪದೇ ಆ ಮನೆಗೆ ಹೋಗಿಬರುವವರಿಗೆ ಹಿನ್ನೆಲೆ ತಪಾಸಣೆ ಬೇಕಾಗುತ್ತದೆ, ಆಕೆಯ ಮನೆಯ ಮೇಲ್ವಿಚಾರಣೆ ನೋಡುವ ಏಜೆನ್ಸಿ ಏನು ಹೇಳುತ್ತದೋ ಅದೇ ನಿಮಗೂ ನಿಯಮ. ನೀವು ಗಂಡ ಅಥವಾ ಹೆಂಡತಿಯ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿದ್ದೀರಿ, ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರು) ಇಲ್ಲದಿರಬಹುದು. ಫಾರ್ಮಿನಲ್ಲಿ ಆ ಜಾಗ ಇದ್ದರೆ ಏನು ತುಂಬಬೇಕೆಂದು ಏಜೆನ್ಸಿಯನ್ನೇ ಕೇಳಿ, ಊಹಿಸಿ ಬರೆಯಬೇಡಿ. ಈ ಕೆಲಸಕ್ಕೆ ಸಂಬಳವಾಗಲಿ ಅದರ ಬದಲಿಗೆ ಇನ್ನೇನಾಗಲಿ ತೆಗೆದುಕೊಳ್ಳಬೇಡಿ. ಕಾರಿನಲ್ಲಿ ಕರೆದೊಯ್ಯಲು ಒಪ್ಪಿಗೆ ಸಿಕ್ಕರೆ, 8 ವರ್ಷದೊಳಗಿನ ಮಗು 4 ಅಡಿ 9 ಅಂಗುಲ ಮುಟ್ಟಿಲ್ಲದಿದ್ದರೆ ಅದಕ್ಕೆ ತಕ್ಕ ಮಕ್ಕಳ ಸುರಕ್ಷತಾ ಸೀಟು ಇರಲೇಬೇಕು. ಔಷಧಿ ಯಾವುದನ್ನೂ ಕೊಡಬೇಡಿ, ಜ್ವರದ ಮಾತ್ರೆಯನ್ನೂ ಕೂಡ. ಆ ಮನೆಯಲ್ಲಿ ಔಷಧಿಗೆ ಬೀಗ ಇರುತ್ತದೆ, ಡಾಕ್ಟರು ಬರೆದುಕೊಟ್ಟ ಔಷಧಿಯ ಪ್ರತಿ ಡೋಸನ್ನೂ ಬರೆದಿಡಬೇಕಾಗುತ್ತದೆ. ತಲೆಕೂದಲು ಕತ್ತರಿಸಬೇಡಿ. ಮೊದಲ ದಿನ ಬಸ್ ಹತ್ತುವ ಫೋಟೋ ಎಷ್ಟೇ ಮುದ್ದಾಗಿದ್ದರೂ ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮುಖ ಕಂಡರೆ ಮಗು ಎಲ್ಲಿದೆ ಅನ್ನುವುದು ಯಾರಿಗೆ ತಲುಪಬಾರದೋ ಅವರಿಗೂ ತಲುಪಬಹುದು.

ಇಷ್ಟೆಲ್ಲ ನಿಯಮ ಓದಿದರೆ ತಿಳಿದುಕೊಳ್ಳಬಹುದು. ನಾನು ತಪ್ಪಿದ್ದು ಯಾವ ಕಾಗದದಲ್ಲೂ ಬರೆಯದ ಜಾಗದಲ್ಲಿ. ಅಂಥ ಒಂದು ಮಗುವನ್ನು ಮೊದಲ ಸಲ ಕಂಡಾಗ ಅಕ್ಕರೆಯಿಂದಲೇ ಕೇಳಿದ್ದೆ: ಅಪ್ಪ ಅಮ್ಮ ಎಲ್ಲಿದ್ದಾರೆ ಪುಟ್ಟಾ? ಅದಾಗಿ ಇಷ್ಟು ವರ್ಷವಾದರೂ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸುತ್ತದೆ. ನಮ್ಮಲ್ಲಿ ಯಾರ ಮನೆ ಮಗು, ಯಾವೂರು, ಅಪ್ಪ ಏನು ಮಾಡ್ತಾರೆ ಅನ್ನುವುದು ಪರಿಚಯ ಬೆಳೆಸುವ ದಾರಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಮಕ್ಕಳಿಗೆ ಅದೇ ಪ್ರಶ್ನೆಯನ್ನು ಪೊಲೀಸರು, ಕೇಸ್‌ವರ್ಕರ್, ಡಾಕ್ಟರು, ಟೀಚರು ಕೇಳಿಯಾಗಿರುತ್ತದೆ. ನಿಜ ಹೇಳಿದರೆ ಅಮ್ಮನನ್ನು ಬಿಟ್ಟುಕೊಟ್ಟಂತೆ, ಸುಳ್ಳು ಹೇಳಿದರೆ ನೆನಪಿಟ್ಟುಕೊಂಡು ನಿಭಾಯಿಸಬೇಕು. ಹಾಗಾಗಿ ಮುಂದೆ ಮಗು ನಿಮ್ಮನ್ನು ಕಂಡರೆ ದಾರಿ ತಪ್ಪಿಸುತ್ತದೆ, ಆ ಮನೆಯಾಕೆಗೆ ಸಿಗುತ್ತಿದ್ದ ಒಂದು ನೆರೆಮನೆ ಇಲ್ಲವಾಗುತ್ತದೆ. ಕೇಳಲೇಬೇಕೆಂದರೆ ಇವತ್ತಿನದನ್ನು ಕೇಳಿ: ಬಸ್ಸಿನಲ್ಲಿ ಯಾವ ಕಡೆ ಕೂತೆ, ಈ ಆಟ ಹೇಗೆ ಆಡುವುದು ನನಗೂ ಹೇಳಿಕೊಡ್ತೀಯಾ. ಮಗು ತಾನಾಗಿ ಮನೆಯ ಮಾತು ಎತ್ತಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ, ಹೆತ್ತವರ ಬಗ್ಗೆ ಒಂದು ಕೆಟ್ಟ ಮಾತೂ ಬೇಡ. ಯಾರೋ ನೋಯಿಸಿದರು ಎಂದು ಹೇಳಿದರೆ ಮಾತ್ರ ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಬೇಡಿ. ಟೆಕ್ಸಾಸ್‌ನಲ್ಲಿ ಅಂಥ ಅನುಮಾನ ಬಂದ ಯಾರೇ ಆಗಲಿ ವರದಿ ಮಾಡಲೇಬೇಕು.

ಶಾಲೆಯೂ ಇದೇ ತಪ್ಪು ಮಾಡುತ್ತದೆ. ಮೊದಲ ವಾರದ ಹೋಂವರ್ಕು ‘ನನ್ನ ಬಗ್ಗೆ’ ಎಂಬ ಹಾಳೆ, ವಂಶವೃಕ್ಷ, ನೀನು ಪಾಪು ಆಗಿದ್ದಾಗಿನ ಫೋಟೋ ತಾ. ಆ ಫೋಟೋ ಮಗುವಿನ ಹತ್ತಿರ ಇಲ್ಲ. ಶಾಲೆ ಶುರುವಾಗುವ ಮುಂಚೆಯೇ ಆಕೆ ಟೀಚರಿಗೆ ಎರಡು ಸಾಲಿನ ಈಮೇಲ್ ಹಾಕಿದರೆ, ಫೋಟೋ ಬದಲು ಇಷ್ಟದ ಜಾಗದ ಚಿತ್ರ, ವಂಶವೃಕ್ಷದ ಬದಲು ‘ನನ್ನನ್ನು ನೋಡಿಕೊಳ್ಳುವವರು’ ಎಂದು ಇಡೀ ತರಗತಿಗೇ ಬದಲಾಯಿಸಬಹುದು. ಒಂದೇ ಮಗುವಿಗೆ ಬದಲಾಯಿಸಿದರೆ ಅದೂ ಎದ್ದು ಕಾಣುತ್ತದೆ.

ಕೊನೆಗೆ, ಯಾವಾಗ ಸಹಾಯ ಮಾಡಬೇಕು ಅನ್ನುವುದು. ಆಗಸ್ಟ್‌ನಲ್ಲಿ ಎಲ್ಲರೂ ಬರುತ್ತಾರೆ: ಬ್ಯಾಗು, ಅಡುಗೆ, ಗಿಫ್ಟ್ ಕಾರ್ಡು. ಫ್ರಿಜ್ಜಿನಲ್ಲಿ ಜಾಗವಿರುವುದಿಲ್ಲ. ಮಗುವನ್ನು ಇಲಾಖೆಯ ಸುಪರ್ದಿಗೆ ಕೊಡುವ ತಾತ್ಕಾಲಿಕ ಆದೇಶವಾದ 60 ದಿನದೊಳಗೆ ಕೋರ್ಟಿನಲ್ಲಿ ಒಂದು ಸ್ಟೇಟಸ್ ಹಿಯರಿಂಗ್, ಅಂದರೆ ಸ್ಥಿತಿಗತಿಯ ವಿಚಾರಣೆ, ಇರುತ್ತದೆ, ಈ ಮಕ್ಕಳಿಗೆ ಅದು ಅಕ್ಟೋಬರ್ ಹೊತ್ತಿಗೆ. ನಡುವೆ ಹೆತ್ತವರ ಭೇಟಿಗಳು. ಭೇಟಿಯಾಗಿ ಬಂದ ಸಂಜೆ ಮಗು ಅಳುತ್ತದೆ, ಬಡಿಯುತ್ತದೆ, ಇಲ್ಲವೇ ಸುಮ್ಮನೆ ಮಲಗಿಬಿಡುತ್ತದೆ, ಮರುದಿನ ಶಾಲೆಯಿಂದ ಫೋನು. ಆಗ ಯಾರೂ ಇರುವುದಿಲ್ಲ. ಸಾಕುವ ಮನೆಗಳು ಸೋಲುವುದು ಪೆನ್ಸಿಲಿಗಲ್ಲ, ಈ ಸಂಜೆಗಳಿಗೆ. ಆದ್ದರಿಂದ ವಾರಕ್ಕೊಂದು ದಿನ, ಎರಡು ಗಂಟೆ, ಡಿಸೆಂಬರ್‌ವರೆಗೆ ಎಂದು ಈಗಲೇ ಹೇಳಿಬಿಡಿ. ಅಡುಗೆ ಕೊಟ್ಟರೆ ಅಲರ್ಜಿ ಕೇಳಿ, ಖಾರ ಬೇಡ, ಪಾತ್ರೆ ವಾಪಸು ಕೊಡುವ ಗೋಜಿಲ್ಲದ ಡಬ್ಬಿಯಲ್ಲಿ ಕೊಡಿ. ತಿನ್ನು ತಿನ್ನು ಎಂದು ನಮ್ಮ ಹಾಗೆ ಉಪಚಾರ ಬೇಡ. ಮಗು ಬಿಸ್ಕತ್ತನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡರೆ ಗದರಬೇಡಿ, ಆಕೆಗಷ್ಟೇ ತಿಳಿಸಿ. ಮಕ್ಕಳು ಹೆತ್ತವರ ಬಳಿಗೆ ವಾಪಸು ಹೋದ ವಾರವೂ ಆಕೆಯ ಬಾಗಿಲು ತಟ್ಟಿ. ‘ಹೇಗೂ ನಿಮ್ಮ ಮಕ್ಕಳಲ್ಲವಲ್ಲ’ ಅನ್ನುವ ಸಮಾಧಾನ ಮಾತ್ರ ಹೇಳಬೇಡಿ.

ದೀಪಾವಳಿಗೆ ಕರೆಯಿರಿ, ಇಡೀ ಮನೆಯವರನ್ನು ಕರೆಯಿರಿ, ಮಕ್ಕಳನ್ನಷ್ಟೇ ಅಲ್ಲ. ಪಟಾಕಿ ಸದ್ದು ಕೇಳಿ ಬೆದರುವ ಮಗುವಾದರೆ ಹಣತೆ ಹಚ್ಚುವುದಕ್ಕಷ್ಟೇ ಬರಲಿ. ನಮ್ಮೂರಿನಲ್ಲಾದರೆ ಬಾಗಿಲು ತಟ್ಟದೆ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬರುತ್ತಿದ್ದೆವು. ಇಲ್ಲಿ ಮೊದಲು ಮೆಸೇಜು. ಇವತ್ತು ಸಂಜೆ ಇಷ್ಟೇ ಬರೆದು ಕಳಿಸಿ: ‘ಗುರುವಾರ ನಾಲ್ಕರಿಂದ ಆರರವರೆಗೆ ಮನೆಯಲ್ಲೇ ಇರುತ್ತೇನೆ. ಬಸ್‌ಸ್ಟಾಪಿಗೆ ಬರಬಹುದು, ದಿನಸಿ ತಂದುಕೊಡಬಹುದು, ಹುಲ್ಲು ಕತ್ತರಿಸಬಹುದು. ಯಾವುದು ಬೇಕು ಹೇಳಿ. ಉತ್ತರ ಬರೆಯಲು ಪುರಸೊತ್ತಿಲ್ಲದಿದ್ದರೆ ಪರವಾಗಿಲ್ಲ, ಮುಂದಿನ ವಾರ ಮತ್ತೆ ಕೇಳುತ್ತೇನೆ.’ ಮುಂದಿನ ವಾರ ಮತ್ತೆ ಕೇಳಿ.